ಬಲಗೈ ರಾಜ್ಯದಲ್ಲಿ ಎಡಚರು

ಮದುವೆ ಮನೆಯ ಊಟ. ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿದೆ. ಕೋಸಂಬರಿ, ಪಲ್ಯ, ಚಿತ್ರಾನ್ನ ಬಂದಿವೆ. ತೊವ್ವೆ ತಂದವನು ಅನ್ನದಲ್ಲಿ ಗುಳಿ ಮಾಡಿಕೊಳ್ಳಿ ಎಂದು ಅವಸರಿಸುತ್ತಿದ್ದಾನೆ. ಅಷ್ಟರಲ್ಲಿ ಸಾಲಿನ ನಡುವೆ ಇಬ್ಬರ ಮೊಣಕೈ ಡಿಕ್ಕಿ ಹೊಡೆಯುತ್ತದೆ. ಒಮ್ಮೆಯಲ್ಲ, ತುತ್ತಿಗೊಮ್ಮೆ. ಬಲಗೈಯಲ್ಲಿ ಉಣ್ಣುವವರು ನೂರು ಮಂದಿ ಒತ್ತಿ ಕೂತರೂ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವುದಿಲ್ಲ. ಎಲ್ಲರ ತೋಳೂ ಒಂದೇ ಕಡೆ ಆಡುತ್ತಿರುತ್ತದೆ. ನಡುವೆ ಒಬ್ಬ ಎಡಚ ಬಂದು ಕೂತನೋ, ಅವನ ಎಡ ಮೊಣಕೈಗೂ ಪಕ್ಕದವರ ಬಲ ಮೊಣಕೈಗೂ ಜಗಳ ಶುರು. ಪಾಯಸ ಬರುವ ಹೊತ್ತಿಗೆ ಪಕ್ಕದ ಹಿರಿಯರು ಕೇಳಿಯೇ ಕೇಳುತ್ತಾರೆ: “ಏನಪ್ಪಾ, ಬಲಗೈಗೆ ಏಟಾಗಿದೆಯಾ?”

ನುರಿತ ಎಡಚರು ಇದಕ್ಕೊಂದು ಉಪಾಯ ಕಂಡುಕೊಂಡಿರುತ್ತಾರೆ. ಸಾಲಿನ ಎಡತುದಿಯ ಎಲೆ ಖಾಲಿಯಿದೆಯೇ ಎಂದು ದೂರದಿಂದಲೇ ನೋಡಿ, ಸರಸರನೆ ಹೋಗಿ ಅಲ್ಲಿ ಕೂತುಬಿಡುತ್ತಾರೆ. ಇನ್ನು ಕೆಲವರು ಚಿಕ್ಕಂದಿನಲ್ಲೇ ರಾಜಿ ಮಾಡಿಕೊಂಡವರು: ಊಟ ಬಲಗೈ, ಉಳಿದದ್ದೆಲ್ಲ ಎಡಗೈ. ಮನೆಯವರಿಗೆ ಸಮಾಧಾನ, ತಮಗೆ ಅರ್ಧ ಸ್ವಾತಂತ್ರ್ಯ.

ಹತ್ತು ಜನರ ಹಾಗೆ ಇರಲಾರೆವೆಂದು ಹೊರಟವರ ಕಥೆಗಳಿಗೆ ಕನ್ನಡದಲ್ಲಿ ಬರವಿಲ್ಲ. ಅಕ್ಕಮಹಾದೇವಿ ಅರಮನೆ ಬಿಟ್ಟು ಕೂದಲನ್ನೇ ಮೈಗೆ ಹೊದ್ದು ಕಲ್ಯಾಣದ ದಾರಿ ಹಿಡಿದಳು. ಶಿಶುನಾಳದ ಶರೀಫರು ಗೋವಿಂದಭಟ್ಟರನ್ನು ಗುರುವೆಂದು ನಂಬಿ ಎರಡೂ ಕಡೆಯವರ ಬೈಗುಳ ತಿಂದರು. ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟು, ಜನ ಹೇಳಬಹುದಾದ ಮಾತನ್ನು ತಾವೇ ಮುಂಚೆ ಹೇಳಿಬಿಟ್ಟರು. ಇವರೆಲ್ಲ ಬೇರೆ ದಾರಿಯನ್ನು ಬೇಕೆಂದು ಹಿಡಿದವರು. ಎಡಚ ಯಾವ ದಾರಿಯನ್ನೂ ಹಿಡಿದವನಲ್ಲ, ಯಾವ ಸಿದ್ಧಾಂತವನ್ನೂ ಹೇಳಿದವನಲ್ಲ. ಚಮಚಕ್ಕೆ ಕೈ ಚಾಚಿದ, ಅಷ್ಟೆ. ಆದರೂ ಮನೆ, ಶಾಲೆ, ಅಂಗಡಿ, ದೇವಸ್ಥಾನ ಎಲ್ಲ ಕಡೆಯೂ ಒಂದಿಷ್ಟು ವಿವರಣೆ ಕೊಡುತ್ತಲೇ ಬದುಕಬೇಕು. ಇಷ್ಟು ಸಣ್ಣ ವ್ಯತ್ಯಾಸವನ್ನು ಲೋಕ ಹೇಗೆ ನಡೆಸಿಕೊಳ್ಳುತ್ತದೆ ಎಂದು ನೋಡಿದರೆ ದೊಡ್ಡ ವ್ಯತ್ಯಾಸಗಳ ಪಾಡೇನೆಂಬುದರ ಅಂದಾಜು ಸಿಗುತ್ತದೆ.

ಹಾಗೆಂದು ಎಡಚರು ಅಪರೂಪದ ಜಾತಿಯೇನಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ಬೇರೆ ಸಂಶೋಧನೆಗಳಲ್ಲಿ ಸಿಕ್ಕ 23 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಹಾಕಿತು. ಎಡಚರ ಪ್ರಮಾಣ ಶೇ. 10.6 ಎಂದು ಬಂತು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ಹೆಂಗಸರಿಗಿಂತ ಗಂಡಸರಲ್ಲಿ ತುಸು ಹೆಚ್ಚು. ಬಲಗೈಯ ಬಹುಮತವೂ ನಿನ್ನೆ ಮೊನ್ನೆಯದಲ್ಲ. ಯುರೋಪಿನ ಗವಿಗಳಲ್ಲಿ ಹಿಮಯುಗದ ಜನ ಗೋಡೆಗೆ ಅಂಗೈ ಒತ್ತಿ, ಸುತ್ತ ಬಣ್ಣ ಊದಿ ಉಳಿಸಿಹೋದ ಅಚ್ಚುಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವು ಎಡಗೈಯವು. ಬಣ್ಣದ ಕೊಳವೆ ಬಲಗೈಯಲ್ಲಿತ್ತು ಎಂದು ಅರ್ಥ. ಗೋಡೆಯ ಮೇಲೆ ಬಲಗೈ ಅಚ್ಚು ಮೂಡಿಸಿಹೋದ ಕೆಲವೇ ಮಂದಿ ಬಹುಶಃ ಆ ಕಾಲದ ಎಡಚರು.

ಈ ಪಕ್ಷಪಾತ ಹೊಟ್ಟೆಯೊಳಗೇ ಶುರುವಾಗುತ್ತದೆ. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಎಂಬ ಮನೋವಿಜ್ಞಾನಿ ಗರ್ಭದಲ್ಲಿರುವ ಶಿಶುಗಳು ಯಾವ ಹೆಬ್ಬೆರಳು ಚೀಪುತ್ತವೆ ಎಂದು ಸ್ಕ್ಯಾನಿಂಗಿನಲ್ಲಿ ನೋಡಿದ. ಹೆಚ್ಚಿನವು ಬಲ ಹೆಬ್ಬೆರಳು. ಅದೇ ಮಕ್ಕಳು ಹತ್ತು ಹನ್ನೆರಡು ವರ್ಷದವರಾದಾಗ ಮತ್ತೆ ಹುಡುಕಿಕೊಂಡು ಹೋಗಿ ವಿಚಾರಿಸಿದ. ಬಲ ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡ ಬೆರಳು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಚರು, ಉಳಿದ ಐವರು ಬಲಗೈಗೆ ಬಂದಿದ್ದರು. ಕೈಯ ಒಲವಿಗೆ ವಂಶವಾಹಿಯ ಪಾಲು ಸುಮಾರು ಕಾಲು ಭಾಗ ಎಂಬುದು ವಿಜ್ಞಾನಿಗಳ ಅಂದಾಜು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲೂ ಒಬ್ಬಳು ಬಲಗೈ, ಒಬ್ಬಳು ಎಡಗೈ ಆಗಿರುವುದು ಸಾಮಾನ್ಯ. ಹಾಗಾಗಿ ಮಗು ಎಡಗೈಯಲ್ಲಿ ಬಳಪ ಹಿಡಿದಾಗ “ಇದು ನಿಮ್ಮ ಕಡೆಯಿಂದ ಬಂದದ್ದು” ಎಂದು ಗಂಡ ಹೆಂಡತಿ ವಾದಕ್ಕಿಳಿದರೆ ತೀರ್ಪು ಕೊಡುವವರು ಯಾರೂ ಇಲ್ಲ.

ನಮ್ಮ ಮನೆಗಳಲ್ಲಿ ಮೊದಲ ವಿಚಾರಣೆ ನಡೆಯುವುದು ಅಕ್ಷರಾಭ್ಯಾಸದ ದಿನ. ತಟ್ಟೆಯಲ್ಲಿ ಅಕ್ಕಿ ಹರಡಿದೆ. ಓಂಕಾರ ಬರೆಸಬೇಕು. ಮಗು ಎಡಗೈ ಮುಂದೆ ಚಾಚುತ್ತದೆ. ಸೋದರಮಾವ ಮೆಲ್ಲಗೆ ಅದನ್ನು ಹಿಂದಕ್ಕೆ ಸರಿಸಿ ಬಲಗೈ ಹಿಡಿಯುತ್ತಾನೆ. ಅವನು ಬಿಟ್ಟ ಕೂಡಲೇ ಮಗು ಮತ್ತೆ ಎಡಗೈಯಲ್ಲಿ ಅಕ್ಕಿ ಕೆದಕುತ್ತದೆ. “ಬಲಗೈ ಕೊಡು ಪುಟ್ಟಾ, ಜಾಣ” ಎನ್ನುತ್ತಾರೆ ಪುರೋಹಿತರು. ಅಲ್ಲಿಗೆ ಮುಗಿಯುವುದಿಲ್ಲ. ಎಡಗೈಯಲ್ಲಿ ತಿಂದರೆ ಅನ್ನ ಮೈಗೆ ಹತ್ತುವುದಿಲ್ಲ ಎಂದು ಅಜ್ಜಿ ಗದರುತ್ತಾಳೆ. “ರೊಡ್ಡಗೈಲೇ ಉಣಬ್ಯಾಡೋ ತಮ್ಮಾ” ಎಂದು ಧಾರವಾಡದ ಕಡೆಯ ದೊಡ್ಡವ್ವ ಅಂಗಲಾಚುತ್ತಾಳೆ. ಹಿಂದೆ ಎಡಗೈಗೆ ಬಟ್ಟೆ ಸುತ್ತಿ ಕಟ್ಟುವುದೂ ಇತ್ತು, ಬೆರಳ ಗೆಣ್ಣಿಗೆ ಮಾಸ್ತರರ ರೂಲುಕೋಲಿನ ಪೆಟ್ಟೂ ಇತ್ತು.

ನಿಯಮದ ಹಿಂದಿನ ಕಾರಣ ಎಲ್ಲರಿಗೂ ಗೊತ್ತಿರುವುದೇ. ನೀರು ಹೊತ್ತು ತರಬೇಕಾಗಿದ್ದ, ಸೋಪು ಕಾಣದ ಕಾಲದಲ್ಲಿ ಶೌಚಕ್ಕೊಂದು ಕೈ, ಊಟಕ್ಕೊಂದು ಕೈ ಎಂದು ಗೆರೆ ಎಳೆದದ್ದು ವಿವೇಕದ ಕೆಲಸವೇ. ಈಗ ನಲ್ಲಿ ಬಚ್ಚಲಿಗೇ ಬಂದಿದೆ, ಸೋಪು ಮೂಲೆ ಅಂಗಡಿಯಲ್ಲಿದೆ, ಗೆರೆ ಮಾತ್ರ ಇದ್ದಲ್ಲೇ ಇದೆ. ಹೊಸ ಸೊಸೆ ಹೊಸಿಲ ಮೇಲಿನ ಸೇರಕ್ಕಿ ಒದೆಯುವುದು ಬಲಗಾಲಿನಲ್ಲಿ. ಮಂಗಳಾರತಿ, ತೀರ್ಥ, ಪ್ರಸಾದ ಬಲಗೈಗೆ. ಬೆಳಗಿನ ಬೋಣಿಯ ನೋಟನ್ನು ಎಡಗೈಯಲ್ಲಿ ಚಾಚಿದರೆ ಅಂಗಡಿಯಾತ ಕೈ ಮುಂದೆ ಮಾಡುವುದೇ ಇಲ್ಲ, ಗಿರಾಕಿ ತಾನಾಗಿ ಕೈ ಬದಲಿಸುವವರೆಗೆ ಬೇರೆಲ್ಲೋ ನೋಡುತ್ತಿರುತ್ತಾನೆ. ಕ್ಯೂಆರ್ ಕೋಡ್ ಬಂದ ಮೇಲೆ ಎಡಚರಿಗೆ ದೊಡ್ಡ ಉಪಕಾರವಾಗಿದೆ. ಮೊಬೈಲ್ ಯಾವ ಕೈಯಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ.

ತಮಾಷೆಯೆಂದರೆ ಮಕ್ಕಳಿಗೆ ಇಲ್ಲದ ಈ ರಿಯಾಯಿತಿ ದೇವರಿಗೆ ಧಾರಾಳವಾಗಿ ಸಿಕ್ಕಿದೆ. ಇಷ್ಟಲಿಂಗ ಪೂಜಿಸುವವರು ಲಿಂಗವನ್ನು ಇರಿಸಿಕೊಳ್ಳುವುದು ಎಡ ಅಂಗೈಯಲ್ಲಿ. ಶರಣರ ಚಿತ್ರ, ಪ್ರತಿಮೆಗಳನ್ನು ನೋಡಿದರೆ ಗೊತ್ತಾಗುತ್ತದೆ, ಬಲಗೈ ಪೂಜೆಯ ಚಾಕರಿಗೆ, ಎಡಗೈ ದೇವರ ಪೀಠಕ್ಕೆ. ಮನೆಯಲ್ಲಿಟ್ಟು ಪೂಜಿಸುವ ಗಣಪನ ಸೊಂಡಿಲು ಸಾಮಾನ್ಯವಾಗಿ ಎಡಕ್ಕೆ ತಿರುಗಿರುತ್ತದೆ. ಬಲಮುರಿ ಗಣಪನಾದರೋ ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟು, ಅವನನ್ನು ಮನೆಗೆ ತರಲು ಜನ ಹಿಂದೆ ಮುಂದೆ ನೋಡುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಬಲಮುರಿಯನ್ನೂ ಎಡಮುರಿಯನ್ನೂ ಅಕ್ಕಪಕ್ಕದಲ್ಲೇ ಇಟ್ಟುಕೊಂಡು ಹರಿಯುತ್ತಾಳೆ, ಭಾನುವಾರದ ಜನ ಎರಡೂ ಕಡೆ ನೀರಿಗಿಳಿಯುತ್ತಾರೆ.

ಬಾದಾಮಿಯ ಮೊದಲ ಗುಹೆಗೆ ಹೋದರೆ ಅರ್ಧನಾರೀಶ್ವರ ನಿಂತಿದ್ದಾನೆ, ಪಾರ್ವತಿಗೆ ಸಂದದ್ದು ಎಡಭಾಗ. ಅದೇ ಗುಹೆಯ ಹರಿಹರನಲ್ಲಿ ಎಡಭಾಗ ವಿಷ್ಣುವಿನದು. ಕಂಚಿನ ನಟರಾಜ ಎತ್ತಿರುವುದೂ ಎಡಗಾಲನ್ನೇ. ಕಣ್ಣು ಅದುರುವ ಶಾಸ್ತ್ರದಲ್ಲಿ ಗಂಡಸಿಗೆ ಬಲಗಣ್ಣು ಶುಭವಾದರೆ ಹೆಂಗಸಿಗೆ ಎಡಗಣ್ಣು ಶುಭ. ಇಷ್ಟೆಲ್ಲ ಇರುವಾಗಲೂ ನಾಲ್ಕು ವರ್ಷದ ಪೋರಿ ಎಡಗೈಯಲ್ಲಿ ಉಪ್ಪಿಟ್ಟು ತಿಂದರೆ ಮನೆಯಲ್ಲಿ ಸಭೆ ಸೇರುತ್ತದೆ.

ಮಹಾಭಾರತದಲ್ಲಿ ಈ ವಿಷಯಕ್ಕೆ ಒಬ್ಬ ದೊಡ್ಡ ಸಾಕ್ಷಿಯಿದ್ದಾನೆ. ಅರ್ಜುನ ಎಡಗೈಯಿಂದಲೂ ಹೆದೆ ಎಳೆದು ಬಾಣ ಬಿಡಬಲ್ಲವನಾದ್ದರಿಂದ ಸವ್ಯಸಾಚಿ ಎನ್ನಿಸಿಕೊಂಡ. ಬಿರುದೇನೋ ಭಾರಿಯೇ, ಆದರೆ ಅಜ್ಞಾತವಾಸ ಬಂದಾಗ ಅದೇ ತೊಡಕಾಯಿತು. ಬರಿಯ ಬಲಗೈಯಲ್ಲಿ ಹೆದೆ ಎಳೆಯುವ ಬಿಲ್ಲುಗಾರನಿಗೆ ಹೆದೆ ಬಡಿದು ಜಡ್ಡುಗಟ್ಟುವುದು ಎಡ ಮುಂಗೈ ಮಾತ್ರ. ಅರ್ಜುನನಿಗೆ ಎರಡೂ ತೋಳಿನಲ್ಲಿ ಜಡ್ಡು. ನೋಡಿದವರು ಗುರುತು ಹಿಡಿಯದೆ ಬಿಡುತ್ತಾರೆಯೇ? ವಿರಾಟನ ಅರಮನೆಗೆ ಬೃಹನ್ನಳೆಯಾಗಿ ಹೋಗುವ ಮುನ್ನ ಅವನು ಧರ್ಮರಾಯನಿಗೆ ಹೇಳುವುದು ಇದನ್ನೇ: ಈ ಗುರುತುಗಳನ್ನು ಮುಚ್ಚುವುದು ಕಷ್ಟ, ಅದಕ್ಕೆ ಕೈತುಂಬ ಬಳೆ ತೊಡುತ್ತೇನೆ. ಎರಡು ಕೈಯ ಬಿಲ್ಲುಗಾರ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವೇಷದಲ್ಲಿ ಒಂದು ವರ್ಷ ಉತ್ತರೆಗೆ ನಾಟ್ಯ ಕಲಿಸಿದ. ಒಂದು ವಿಚಿತ್ರವನ್ನು ಮರೆಸಲು ಅದಕ್ಕಿಂತ ದೊಡ್ಡ ವಿಚಿತ್ರ ಬೇಕಾಯಿತು. ವ್ಯಾಸರ ಕಥೆಗಾರಿಕೆಯ ಸೊಗಸು ಅಲ್ಲಿದೆ.

ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಏಹೂದನೆಂಬ ಎಡಚ ಬರುತ್ತಾನೆ. ಮೋವಾಬಿನ ದೊರೆಗೆ ಕಪ್ಪ ಒಪ್ಪಿಸುವ ನೆಪದಲ್ಲಿ ಹೋದ ಅವನು ಕತ್ತಿಯನ್ನು ಬಲತೊಡೆಗೆ ಕಟ್ಟಿಕೊಂಡಿದ್ದ. ಬಲಗೈಯವರು ಕತ್ತಿ ಕಟ್ಟುವುದು ಎಡತೊಡೆಗೆ, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಇಂಗ್ಲಿಷಿನ ಎಚ್.ಜಿ. ವೆಲ್ಸ್ 1896ರಲ್ಲಿ ಬರೆದ ಒಂದು ಕಥೆಯಲ್ಲಿ ಪ್ಲ್ಯಾಟ್‌ನರ್ ಎಂಬ ಶಾಲಾಮಾಸ್ತರ ಹಸಿರು ಪುಡಿಯೊಂದು ಸಿಡಿದು ನಾಲ್ಕನೆಯ ಆಯಾಮಕ್ಕೆ ಹಾರಿಹೋಗುತ್ತಾನೆ. ಒಂಬತ್ತು ದಿನ ಬಿಟ್ಟು ಮರಳಿದಾಗ ಅವನ ಗುಂಡಿಗೆ ಬಲಕ್ಕೆ ಬಂದಿರುತ್ತದೆ, ಬರವಣಿಗೆ ಎಡಗೈಗೆ ಹೋಗಿರುತ್ತದೆ. ಲೋಕಾಂತರಕ್ಕೆ ಹೋಗಿಬಂದವನೆಂದು ನಂಬಿಸಲು ವೆಲ್ಸನಿಗೆ ಕೊಂಬು ಕೋರೆಹಲ್ಲು ಬೇಕಾಗಲಿಲ್ಲ, ಎಡಗೈ ಸಾಕಾಯಿತು.

ಕಥೆ ಬಿಟ್ಟು ಚರಿತ್ರೆಗೆ ಬಂದರೆ ಲಿಯೊನಾರ್ಡೊ ಡ ವಿಂಚಿಯ ಹೆಸರು ಮೊದಲು. ಅವನ ಟಿಪ್ಪಣಿ ಪುಸ್ತಕಗಳನ್ನು ಓದಲು ಕನ್ನಡಿ ಹಿಡಿಯಬೇಕು, ಬಲದಿಂದ ಎಡಕ್ಕೆ ಅಕ್ಷರಗಳನ್ನೇ ತಿರುಗಿಸಿ ಬರೆದಿದ್ದಾನೆ. ರಹಸ್ಯ ಕಾಪಾಡಲು ಹೀಗೆ ಮಾಡಿದ ಎಂದು ಹೇಳುವವರುಂಟು. ಎಡಗೈಯಲ್ಲಿ ಶಾಯಿ ಲೇಖನಿ ಹಿಡಿದವರಿಗೆ ಇನ್ನೂ ಸರಳ ಕಾರಣ ಹೊಳೆಯುತ್ತದೆ. ಇಂಗ್ಲಿಷನ್ನಾಗಲಿ ಕನ್ನಡವನ್ನಾಗಲಿ ಎಡಗೈಯಲ್ಲಿ ಬರೆಯುವಾಗ ಅಂಗೈ ಆಗಷ್ಟೇ ಬರೆದ ಸಾಲಿನ ಮೇಲೆಯೇ ತೆವಳುತ್ತದೆ. ಪುಟ ಮುಗಿಯುವಷ್ಟರಲ್ಲಿ ಅಕ್ಷರವೆಲ್ಲ ಕಲಸಿ, ಕಿರುಬೆರಳಿನ ಪಕ್ಕದ ಮಾಂಸಲ ಭಾಗ ನೀಲಿಯಾಗಿರುತ್ತದೆ. ಶಾಯಿಯ ಕಾಲದ ಎಡಚರನ್ನು ಆ ನೀಲಿಯಿಂದಲೇ ಗುರುತಿಸಬಹುದಿತ್ತು. ಉರ್ದು ಬರೆಯುವ ಎಡಚರಿಗೆ ಈ ಗೋಳಿಲ್ಲ. ಅಲ್ಲಿ ಕೈ ಮುಂದೆ ಮುಂದೆ ಸಾಗುತ್ತದೆ, ಶಾಯಿ ಹಿಂದೆ ನಿಶ್ಚಿಂತೆಯಿಂದ ಒಣಗುತ್ತದೆ.

ಗಾಂಧೀಜಿ ಹುಟ್ಟು ಎಡಚರಲ್ಲ. ಆದರೆ 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ಮರಳುವಾಗ ಅವರಿಗೆ ‘ಹಿಂದ್ ಸ್ವರಾಜ್’ ಬರೆಯುವ ಆವೇಶ ಬಂತು. ಹತ್ತು ದಿನಗಳಲ್ಲಿ 270ಕ್ಕೂ ಹೆಚ್ಚು ಪುಟ. ಬಲಗೈ ಸೋತಾಗ ಎಡಗೈಗೆ ಲೇಖನಿ ದಾಟಿಸಿದರು. ಸುಮಾರು 40 ಪುಟ ಎಡಗೈಯವೇ. ಎರಡು ಕೈಯ ಬರಹವೂ ಆ ಹಸ್ತಪ್ರತಿಯಲ್ಲಿ ಇಂದಿಗೂ ಬೇರೆ ಬೇರೆಯಾಗಿ ಕಾಣುತ್ತದೆ.

ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಯದು ಇದರ ವಿರುದ್ಧ ದಿಕ್ಕಿನ ಕಥೆ. ಹುಟ್ಟಿನಿಂದ ಎಡಚ. ಅರಮನೆಯ ಶಿಸ್ತು ಅವನನ್ನು ಬಲಗೈಯಲ್ಲಿ ಬರೆಯುವಂತೆ ಮಾಡಿತು. ಅವನ ತೊದಲು ಲೋಕಪ್ರಸಿದ್ಧ. ಕೈ ಬದಲಿಸಿದ್ದರಿಂದಲೇ ತೊದಲು ಬಂತು ಎಂದು ಆಗ ಎಷ್ಟೋ ಜನ ನಂಬಿದ್ದರು, ಇಂದಿನ ತಜ್ಞರು ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಆದರೆ ಟೆನಿಸ್ ರ‍್ಯಾಕೆಟ್ಟನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಅರಮನೆ ಹೇಳಿರಲಿಲ್ಲವೋ ಏನೋ, 1926ರ ವಿಂಬಲ್ಡನ್ನಿನಲ್ಲಿ ಡಬಲ್ಸ್ ಆಡಲು ಇಳಿದ ಈ ರಾಜಕುಮಾರ ಎಡಗೈಯಲ್ಲೇ ಆಡಿದ. ಮೊದಲ ಸುತ್ತಿನಲ್ಲೇ ಸೋತ ಎಂಬುದು ಬೇರೆ ಮಾತು.

ಹೀಗೆ ಕೈ ತಿರುಗಿಸಿದ್ದರ ಒಂದು ಪರಿಣಾಮ ವಿಜ್ಞಾನಿಗಳನ್ನೇ ಬೇಸ್ತು ಬೀಳಿಸಿತು. 1991ರಲ್ಲಿ ಸ್ಟ್ಯಾನ್ಲಿ ಕೋರೆನ್ ಮತ್ತು ಡಯೇನ್ ಹಾಲ್ಪರ್ನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಕ್ಯಾಲಿಫೋರ್ನಿಯಾದಲ್ಲಿ ಸತ್ತವರ ಮನೆಯವರನ್ನು ವಿಚಾರಿಸಿ, ಎಡಚರು ಸರಾಸರಿ 66 ವರ್ಷಕ್ಕೂ ಬಲಗೈಯವರು 75 ವರ್ಷಕ್ಕೂ ಸಾಯುತ್ತಾರೆ ಎಂದು ಪ್ರಕಟಿಸಿದರು. ಒಂಬತ್ತು ವರ್ಷದ ವ್ಯತ್ಯಾಸ! ಸಿಗರೇಟು ಸೇದುವವರಿಗೂ ಇಷ್ಟು ಹೆದರಿಸುವುದಿಲ್ಲ. ಪತ್ರಿಕೆಗಳು ಸುದ್ದಿಯನ್ನು ಹೊತ್ತು ಮೆರೆಸಿದವು. ಆಮೇಲೆ ಲೆಕ್ಕದ ಹುಳುಕು ಹೊರಬಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದವರನ್ನು ಬಡಿದು ಬೈದು ಬಲಗೈಗೆ ತಿರುಗಿಸಿದ್ದರು. ಮುದುಕರಲ್ಲಿ ಎಡಚರೇ ಕಡಿಮೆ. ಚಿಕ್ಕ ವಯಸ್ಸಿನವರಲ್ಲಿ ಎಡಚರು ಹೆಚ್ಚು, ಆದ್ದರಿಂದ ಸತ್ತ ಎಡಚರ ಸರಾಸರಿ ವಯಸ್ಸೂ ಕಡಿಮೆ ಬಂದಿತ್ತು. ಎಡಚರು ಬೇಗ ಸತ್ತಿರಲಿಲ್ಲ, ಅಜ್ಜಂದಿರ ಕಾಲದ ಎಡಚರು ಬಲಗೈಯವರ ಪಟ್ಟಿಯಲ್ಲಿ ಸತ್ತಿದ್ದರು.

ಎಡ ಬಲದ ಹೆಸರಿನಲ್ಲಿ ನಮ್ಮಲ್ಲಿ ಇದಕ್ಕಿಂತ ಕಹಿಯಾದ ಇನ್ನೊಂದು ಹಂಚಿಕೆ ನಡೆದಿದೆ, ಅದಕ್ಕೂ ಕೈಯ ಒಲವಿಗೂ ಸಂಬಂಧವಿಲ್ಲ. ದಕ್ಷಿಣದ ಜಾತಿಗಳನ್ನು ಎಡಗೈ ಬಲಗೈ ಎಂದು ಎರಡು ಬಣ ಮಾಡಿ, ಒಂಬತ್ತು ಪಣ, ಹದಿನೆಂಟು ಪಣ ಎಂದು ಎಣಿಸುತ್ತಿದ್ದರು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪಟ್ಟಿಯನ್ನು ಬರೆದಿಟ್ಟಿದ್ದಾನೆ. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬಹುದು, ಯಾರು ಯಾವ ಬಣ್ಣದ ಬಾವುಟ ಹಿಡಿಯಬಹುದು ಎಂಬುದಕ್ಕೆ ತಲೆ ಒಡೆದುಕೊಂಡ ಕಾಲವದು. ಮದರಾಸಿನಲ್ಲಿ 1652ರಲ್ಲೂ 1707ರಲ್ಲೂ ಈ ಎರಡು ಬಣಗಳ ಗಲಭೆ ಕಂಪನಿ ಸರ್ಕಾರಕ್ಕೆ ತಲೆನೋವಾಗಿತ್ತು. ಮೆರವಣಿಗೆಯ ಜಗಳಗಳು ಹಿಂದೆ ಸರಿದರೂ ಹೆಸರು ಹೋಗಲಿಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಚರ್ಚೆಯಲ್ಲಿ ಎಡಗೈ ಬಲಗೈ ಎಂಬವು ಇಂದಿಗೂ ದಿನಬಳಕೆಯ ಮಾತು. 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು, ಒಳವರ್ಗೀಕರಣಕ್ಕೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಆಗಸ್ಟ್‌ನಲ್ಲಿ. ಬರೆಯುವ ಕೈಯನ್ನು ಹುಟ್ಟಿದ ಮೇಲೆ ತಿದ್ದಲು ನೋಡಿದ ಸಮಾಜ ಈ ಇನ್ನೊಂದು ಕೈಯನ್ನು ಹುಟ್ಟುವ ಮುಂಚೆಯೇ ನಿಗದಿ ಮಾಡಿತ್ತು.

ಕಡಿಮೆ ಸಂಖ್ಯೆಯಲ್ಲಿರುವುದರಿಂದ ಲಾಭವೂ ಇದೆ. ಅದನ್ನು ತೋರಿಸಿಕೊಟ್ಟದ್ದು ಮೀನು. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಬೇರೆ ಮೀನಿನ ಹುರುಪೆ ಕಿತ್ತು ತಿನ್ನುವ ಒಂದು ಜಾತಿಯಿದೆ. ಅವುಗಳಲ್ಲಿ ಕೆಲವಕ್ಕೆ ಬಾಯಿ ಎಡಕ್ಕೆ ಸೊಟ್ಟ, ಕೆಲವಕ್ಕೆ ಬಲಕ್ಕೆ ಸೊಟ್ಟ. ಹಿಂದಿನಿಂದ ಬಂದು ಒಂದು ಬಗೆಯದು ಒಂದು ಪಕ್ಕೆಗೆ ಬಾಯಿ ಹಾಕಿದರೆ ಇನ್ನೊಂದು ಮತ್ತೊಂದು ಪಕ್ಕೆಗೆ. ಎಡಬಾಯಿಯ ಮೀನು ಹೆಚ್ಚಾದಾಗ ಬಲಿಯಾಗುವ ಮೀನುಗಳು ಆ ಪಕ್ಕೆಯ ಮೇಲೆ ನಿಗಾ ಇಡುತ್ತವೆ, ಬಲಬಾಯಿಯವಕ್ಕೆ ಹೊಟ್ಟೆ ತುಂಬ ಊಟ. ಅವು ಹೆಚ್ಚಿದರೆ ಸರದಿ ಅದಲುಬದಲು. ಜಪಾನಿನ ಮಿಚಿಯೊ ಹೋರಿ 1993ರಲ್ಲಿ ಈ ಲೆಕ್ಕ ಪ್ರಕಟಿಸಿದ. ಎರಡೂ ಗುಂಪು ಅರ್ಧರ್ಧದ ಆಸುಪಾಸಿನಲ್ಲೇ ತೂಗುತ್ತಿರುತ್ತವೆ.

ಕ್ರಿಕೆಟ್ಟಿನಲ್ಲೂ ಕುಸ್ತಿಯಲ್ಲೂ ಕತ್ತಿವರಸೆಯಲ್ಲೂ ಎಡಚರಿಗೆ ಸಿಗುವುದು ಇದೇ ಲಾಭ. ಎದುರಾಳಿಗೆ ಅಭ್ಯಾಸವಿರುವುದಿಲ್ಲ. ಇದನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಒಮ್ಮೆ ಕಣ್ಣಾರೆ ಕಂಡಿದೆ. 1981–82ರ ರಣಜಿ ಸೆಮಿಫೈನಲ್, ಕರ್ನಾಟಕಕ್ಕೂ ಮುಂಬೈಗೂ. ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಮೊದಲ ಇನಿಂಗ್ಸಿನಲ್ಲಿ ಹ್ಯಾಟ್ರಿಕ್ ಸಹಿತ ಎಂಟು ವಿಕೆಟ್ ಕಿತ್ತಿದ್ದರು. ಕರ್ನಾಟಕ ದೊಡ್ಡ ಮೊತ್ತ ಕೂಡಿಸಿ ಮುನ್ನಡೆ ಪಡೆಯಿತು. ಎರಡನೆಯ ಸರದಿಯ ಹೊತ್ತಿಗೆ ಪಿಚ್ ಪುಡಿಪುಡಿ. ಭಟ್ಟರ ಚೆಂಡು ಬಲಗೈ ಬ್ಯಾಟುಗಾರನ ಕಾಲಬುಡದಲ್ಲಿ ಬಿದ್ದು ಹೊರಕ್ಕೆ ತಿರುಗಿ ಬ್ಯಾಟಿನ ಅಂಚು ಸವರಿಕೊಂಡು ಹೋಗುತ್ತಿತ್ತು. ಆಗ ಕ್ರೀಸಿಗೆ ಬಂದ ಸುನಿಲ್ ಗಾವಸ್ಕರ್, ಆಗಿನ ಭಾರತ ತಂಡದ ನಾಯಕ, ಎಡಗೈ ಆಟಗಾರನ ಹಾಗೆ ತಿರುಗಿ ನಿಂತರು! ಅದೇ ಚೆಂಡು ಈಗ ಒಳಕ್ಕೆ ತಿರುಗಿ ಪ್ಯಾಡಿಗೆ ಬಡಿದು ಸುಮ್ಮನಾಗುತ್ತಿತ್ತು. ಭಟ್ ಬೌಲ್ ಮಾಡುವಾಗ ಎಡಗೈ, ಉಳಿದವರಿಗೆ ಬಲಗೈ. ಹೀಗೆ ಓವರಿಗೊಮ್ಮೆ ಮಗ್ಗುಲು ಬದಲಿಸುತ್ತ 18 ರನ್ನಿಗೆ ಔಟಾಗದೆ ಉಳಿದರು. ಮುಂಬೈ ಪೂರ್ತಿ ಸೋಲಿನಿಂದ ಪಾರಾಯಿತು, ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಫೈನಲ್ಲಿಗೆ ಹೋದದ್ದು ಕರ್ನಾಟಕವೇ.

ಆಟಗಾರರಲ್ಲಿ ಈ ಗೊಂದಲ ಸಾಕಷ್ಟಿದೆ. ಸಚಿನ್ ತೆಂಡೂಲ್ಕರ್ ಸಹಿ ಹಾಕುವುದು ಎಡಗೈಯಲ್ಲಿ, ಬ್ಯಾಟು ಬೀಸಿದ್ದು ಬಲಗೈಯಲ್ಲಿ. ಸೌರವ್ ಗಂಗೂಲಿ ಉಳಿದೆಲ್ಲಕ್ಕೂ ಬಲಗೈ. ಅಣ್ಣ ಸ್ನೇಹಾಶಿಶ್ ಎಡಗೈ ಆಟಗಾರ, ಅವನ ಗ್ಲೌಸು ಪ್ಯಾಡು ಮನೆಯಲ್ಲೇ ಇದ್ದವು, ಅವನ್ನೇ ತೊಟ್ಟು ಆಡಲು ತಮ್ಮನೂ ಎಡಗೈಗೆ ತಿರುಗಿಕೊಂಡ.

ಸಂಗೀತ ಕಛೇರಿಯಲ್ಲಿ ಮಾತ್ರ ಎಡಗೈಯವರಿಗೆ ಇಂಥ ಲಾಭವಿರಲಿಲ್ಲ. ಮೃದಂಗದ ನಾದದ ಮುಖ ಸಭೆಯ ಕಡೆಗಿರಬೇಕು. ಆದ್ದರಿಂದ ಹಾಡುವವರ ಒಂದು ಪಕ್ಕ ಮೃದಂಗ, ಇನ್ನೊಂದು ಪಕ್ಕ ಪಿಟೀಲು ಎಂದು ಜಾಗ ಗೊತ್ತಾಗಿಬಿಟ್ಟಿದೆ. ಪಳನಿ ಸುಬ್ರಮಣ್ಯ ಪಿಳ್ಳೆ ಎಡಗೈ ಮೃದಂಗ ವಿದ್ವಾಂಸರು. ಅವರು ವೇದಿಕೆ ಹತ್ತಿದರೆ ಪಿಟೀಲಿನವರು ಎದ್ದು ಆಚೆ ಪಕ್ಕಕ್ಕೆ ಹೋಗಬೇಕು. ಎಷ್ಟೋ ಮಂದಿಗೆ ಅದು ಮಾನದ ಪ್ರಶ್ನೆ. ಅಂಥ ದಿನಗಳಲ್ಲಿ ಅವರ ಬೆನ್ನಿಗೆ ನಿಂತವರು ಚೆಂಬೈ ವೈದ್ಯನಾಥ ಭಾಗವತರು. ಮುಂದೆ ಪಳನಿ ಆ ಕಾಲದ ದೊಡ್ಡ ಮೃದಂಗ ವಿದ್ವಾಂಸರ ಸಾಲಿಗೆ ಸೇರಿದರು.

ಎಡಚರ ಲೋಕದ ದೊಡ್ಡ ಪ್ರೇಮಕಥೆ ಒಂದು ಬಸವನಹುಳುವಿನದು. ತೋಟದ ಬಸವನಹುಳುಗಳ ಚಿಪ್ಪು ಸುತ್ತಿರುವುದು ಬಲಕ್ಕೆ. 2016ರಲ್ಲಿ ಲಂಡನ್ನಿನ ಒಂದು ಗೊಬ್ಬರದ ರಾಶಿಯಲ್ಲಿ ಎಡಕ್ಕೆ ಸುತ್ತಿದ ಒಂದು ಸಿಕ್ಕಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆಂಗಸ್ ಡೇವಿಸನ್ ಅದನ್ನು ಸಾಕಿಕೊಂಡ. ಎಡಪಂಥದ ರಾಜಕಾರಣಿ ಜೆರೆಮಿ ಕಾರ್ಬಿನ್‌ನ ನೆನಪಿಗೆ ಜೆರೆಮಿ ಎಂದು ಹೆಸರಿಟ್ಟರು. ಚಿಪ್ಪು ತಿರುಗಿದ್ದರಿಂದ ಅದರ ಅಂಗಗಳೂ ಆಚೆ ಪಕ್ಕಕ್ಕೆ ಸರಿದಿದ್ದವು, ಬಲಸುತ್ತಿನ ಹುಳುಗಳ ಜೊತೆ ಕೂಡುವುದು ಆಗದ ಮಾತು. ಎಡಸುತ್ತಿನ ಜೋಡಿ ಬೇಕಾಗಿದೆ ಎಂದು ಡೇವಿಸನ್ ರೇಡಿಯೊದಲ್ಲಿ ಮೊರೆಯಿಟ್ಟ. ಇಪ್ಸ್‌ವಿಚ್ಚಿನಿಂದ ಒಂದು, ಸ್ಪೇನಿನ ಮಯೋರ್ಕಾ ದ್ವೀಪದಿಂದ ಇನ್ನೊಂದು ಬಂದವು. ಬಂದ ಎರಡೂ ಜೆರೆಮಿಯನ್ನು ಮೂಲೆಗೆ ಬಿಟ್ಟು ತಾವೇ ಜೋಡಿಯಾದವು! ಕೊನೆಗೆ ಮಯೋರ್ಕಾದ ಹುಳುವಿಗೆ ಜೆರೆಮಿಯ ಮೇಲೆ ಮನಸ್ಸಾಯಿತು, 56 ಮರಿಗಳಾದವು. ಅದಾದ ಸ್ವಲ್ಪದರಲ್ಲೇ, 2017ರ ಅಕ್ಟೋಬರಿನಲ್ಲಿ, ಜೆರೆಮಿ ತೀರಿಕೊಂಡಿತು. ಮರಿಗಳೆಲ್ಲ ಬಲಸುತ್ತಿನವು. ಇಂಥ ಎಡಸುತ್ತು ಹೆಚ್ಚಾಗಿ ಬೆಳವಣಿಗೆಯ ಆಕಸ್ಮಿಕವೇ ಹೊರತು ಪಿತ್ರಾರ್ಜಿತವಲ್ಲ ಎಂದು ಡೇವಿಸನ್ನನ ತಂಡಕ್ಕೆ ಗೊತ್ತಾಯಿತು.

ದಿನನಿತ್ಯದ ಬದುಕಿನಲ್ಲಿ ಎಡಚರ ಜಗಳ ಮನುಷ್ಯರ ಜೊತೆಗಿಂತ ಸಾಮಾನುಗಳ ಜೊತೆಗೇ ಹೆಚ್ಚು. ಕತ್ತರಿಯನ್ನೇ ನೋಡಿ. ಬಲಗೈ ಹೆಬ್ಬೆರಳು ಹಿಡಿಯನ್ನು ಒತ್ತುವಾಗ ತಿಳಿಯದಂತೆ ಹೊರಕ್ಕೆ ತಳ್ಳುತ್ತದೆ, ಬೆರಳುಗಳು ಒಳಕ್ಕೆ ಎಳೆಯುತ್ತವೆ. ಎರಡು ಅಲಗೂ ಒಂದಕ್ಕೊಂದು ಬಿಗಿಯಾಗಿ ಉಜ್ಜಿಕೊಂಡು ಬಟ್ಟೆ ಕತ್ತರಿಸುತ್ತವೆ. ಅದೇ ಕತ್ತರಿಯನ್ನು ಎಡಗೈಗೆ ಕೊಟ್ಟರೆ ಆ ತಳ್ಳು ತಿರುಗಿಬೀಳುತ್ತದೆ, ಅಲಗುಗಳು ದೂರ ಸರಿಯುತ್ತವೆ, ಬಟ್ಟೆ ಕತ್ತರಿಯ ನಡುವೆ ಮಡಚಿಕೊಂಡು ಕೂರುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಗುರುತಿನ ಗೆರೆಯನ್ನೇ ಮರೆಮಾಡುತ್ತದೆ. ಕ್ರಾಫ್ಟ್ ಪೀರಿಯಡ್ಡಿನಲ್ಲಿ ಮಗು ಹರಿದ ಕಾಗದ ಹಿಡಿದು ನಿಂತರೆ ಟೀಚರು ಹೇಳುವುದು “ಕೈ ನೆಟ್ಟಗಿಲ್ಲ” ಎಂದು, ಕತ್ತರಿಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಕಾಲೇಜಿಗೆ ಹೋದರೆ ಬಲಗಡೆ ಹಲಗೆ ಜೋಡಿಸಿದ ಕುರ್ಚಿ. ಮೂರು ಗಂಟೆಯ ಪರೀಕ್ಷೆಯನ್ನು ಸೊಂಟ ತಿರುಚಿಕೊಂಡೇ ಬರೆಯಬೇಕು, ಮೇಲ್ವಿಚಾರಕರು ಪಕ್ಕದವನ ಪೇಪರು ನೋಡುತ್ತಿದ್ದಾನೆಂದು ಅನುಮಾನಿಸಿ ಎರಡು ಸಲ ಬಂದು ಹೋಗುತ್ತಾರೆ.

ಹಳೆಯ ಸಾಮಾನುಗಳೇ ಎಷ್ಟೋ ವಾಸಿ. ಈಳಿಗೆಮಣೆಯ ಅಲಗು ನಡುವೆ ನೆಟ್ಟಗೆ ನಿಂತಿರುತ್ತದೆ, ಬದನೆಕಾಯಿ ಯಾವ ಕೈಯಿಂದ ಬಂದರೂ ಎರಡು ಹೋಳು. ಕುಡುಗೋಲಿನ ಹಲ್ಲು ಒಂದೇ ಮೈಗೆ ಹಾಕಿರುವುದರಿಂದ ಎಡಗೈಯಲ್ಲಿ ಹಿಡಿದರೆ ಹುಲ್ಲು ಜಾರುತ್ತದೆ, ನಿಜ. ಆದರೆ ಊರ ಕಮ್ಮಾರನಿಗೆ ಮುಂಚೆ ಹೇಳಿದರೆ ಆಚೆ ಮೈಗೆ ಹಲ್ಲು ಕೂರಿಸಿ ಕೊಡುತ್ತಾನೆ. ಇಂಥ ಕಮ್ಮಾರ ಇಲ್ಲದ ಲಂಡನ್ನಿನಲ್ಲಿ 1968ರಲ್ಲಿ ಎಡಚರಿಗೆಂದೇ ಒಂದು ಅಂಗಡಿ ತೆರೆದರು. ಕತ್ತರಿ, ಡಬ್ಬಿ ತೆರೆಯುವ ಸಲಕರಣೆ, ಎಡಗಡೆಯಿಂದ ಶುರುವಾಗದ ಅಳತೆಪಟ್ಟಿ ಎಲ್ಲ ಅಲ್ಲಿ ಮಾರಾಟಕ್ಕೆ ಬಂದವು.

ಈಚೆಗೆ ಎಡಚ ಮಕ್ಕಳಿಗೆ ಹೊಸದೊಂದು ಕಾಟ ಅಂಟಿಕೊಂಡಿದೆ. ಬೈಯುವವರು ಕಡಿಮೆಯಾಗಿ ಹೊಗಳುವವರು ಹೆಚ್ಚಿದ್ದಾರೆ. ಎಡಗೈಯವರೆಲ್ಲ ಮೇಧಾವಿಗಳು ಎಂಬ ವಾಟ್ಸ್ಆ್ಯಪ್ ಸಂದೇಶ ಆಗಸ್ಟ್ 13ರ ಎಡಚರ ದಿನಕ್ಕೆ ತಪ್ಪದೆ ಬರುತ್ತದೆ. ಲಿಯೊನಾರ್ಡೊ, ಒಬಾಮ, ಅಮಿತಾಭ್ ಬಚ್ಚನ್ನರ ಫೋಟೊ ಸಾಲಾಗಿರುತ್ತವೆ. 1992ರ ಅಮೆರಿಕ ಅಧ್ಯಕ್ಷ ಚುನಾವಣೆಯ ಮೂವರು ಮುಖ್ಯ ಅಭ್ಯರ್ಥಿಗಳೂ, ಬುಷ್, ಕ್ಲಿಂಟನ್, ಪೆರೊ, ಎಡಚರೇ ಆಗಿದ್ದರು ಎಂಬುದೂ ಇರುತ್ತದೆ, ಅದು ನಿಜವೂ ಹೌದು. ಮಾತಿನ ಕೇಂದ್ರ ಬಲಗೈಯವರಲ್ಲಿ ಶೇ. 95ರಷ್ಟು ಜನಕ್ಕೆ ಮಿದುಳಿನ ಎಡಭಾಗದಲ್ಲಿದ್ದರೆ, ಎಡಚರಲ್ಲೂ ಸುಮಾರು ಶೇ. 70 ಮಂದಿಗೆ ಅಲ್ಲೇ ಇದೆ. ಮಿದುಳೇ ತಲೆಕೆಳಗು, ಅದಕ್ಕೇ ಪ್ರತಿಭೆ ಎಂಬ ಕಥೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಅತ್ತೆ ಮಾವ ಫೋನ್ ಮಾಡಿ “ನಿಮ್ಮ ಹುಡುಗ ಎಡಗೈ ತಾನೆ? ಗಣಿತದಲ್ಲಿ ಎಷ್ಟು ಬಂತು?” ಎಂದು ಕೇಳಿದಾಗ 42 ಅಂಕ ತೆಗೆದ ಹುಡುಗನ ಕಷ್ಟ ಅವನಿಗೇ ಗೊತ್ತು. ಮೊದಲಾದರೆ ಎಡಗೈಯಲ್ಲಿ ಬರೆದದ್ದಕ್ಕೆ ಬೈಗುಳ, ಈಗ ಎಡಗೈಯಲ್ಲಿ ಬರೆದೂ ನೂರಕ್ಕೆ ನೂರು ತೆಗೆಯದ್ದಕ್ಕೆ.

ದೊಡ್ಡವರಾದ ಮೇಲೆ ಎಡಚರು ಒಬ್ಬರನ್ನೊಬ್ಬರು ಪತ್ತೆ ಹಚ್ಚುವುದು ಹೆಚ್ಚಾಗಿ ಬ್ಯಾಂಕಿನ ಕೌಂಟರಿನಲ್ಲಿ. ಚಲನ್ ತುಂಬುವ ಪೆನ್ನಿಗೆ ದಾರ ಕಟ್ಟಿ ಬಲತುದಿಯ ಮೊಳೆಗೆ ಬಿಗಿದಿರುತ್ತಾರೆ, ಎಡಗೈಯವರು ಹಿಡಿದೆಳೆದರೆ ದಾರ ಅರ್ಧಕ್ಕೇ ನಿಲ್ಲುತ್ತದೆ. ಒಬ್ಬರು ಮೈ ಬಾಗಿಸಿ, ಚಲನನ್ನೇ ಅಡ್ಡ ತಿರುಗಿಸಿ ಹೆಣಗುತ್ತಿರುವಾಗ ಹಿಂದೆ ನಿಂತವರು ನಗುತ್ತ ಜೇಬಿನಿಂದ ತಮ್ಮ ಪೆನ್ನು ತೆಗೆದು ಎಡಗೈಯಲ್ಲಿ ಚಾಚುತ್ತಾರೆ. “ನೀವೂ ಎಡಚರಾ ಸಾರ್? ಊಟಾನೂ ಅದೇ ಕೈಯಲ್ಲಾ?” ಅಲ್ಲಿಂದ ಮಾತು ಮಾಸ್ತರರ ರೂಲುಕೋಲಿಗೆ, ಅಲ್ಲಿಂದ ಎಡಗೈ ಕತ್ತರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬಲ್ಲಿಗೆ, ಅಲ್ಲಿಂದ ಗಂಗೂಲಿ ನಿಜವಾದ ಎಡಚನೋ ಅಲ್ಲವೋ ಎಂಬ ವಾದಕ್ಕೆ ಹೋಗುತ್ತದೆ. ಸರದಿಯಲ್ಲಿ ನಿಂತವರು “ಸ್ವಲ್ಪ ಬೇಗ ಬೇಗ ಆಗ್ಲಿ ಸ್ವಾಮಿ” ಎಂದು ಕೂಗಿದಾಗ ಇಬ್ಬರೂ ಒಟ್ಟಿಗೇ ಕೌಂಟರಿನ ಎಡಗಡೆಗೆ ಸರಿದು ದಾರಿ ಬಿಡುತ್ತಾರೆ, ವಾದ ಮುಂದುವರಿಯುತ್ತದೆ.